ಬಾರ್ಡರಿನಡಿಯ ಸರಪಳಿ

ಮಾರೇನಹಳ್ಳಿಯ ವೆಂಕಟೇಶನ ಫ್ರೇಮ್ ಅಂಗಡಿಯಲ್ಲಿ ಶಿವಗಂಗಮ್ಮ ತಮ್ಮ ಮದುವೆಯ ಹಳೆಯ ಫೋಟೋ ಹಿಡಿದು ಕುಳಿತಿದ್ದರು. ಅವರಿಗಿಂತ ಮುಂಚೆ ಬಂದಿದ್ದ ನಿವೃತ್ತ ಮೇಷ್ಟ್ರು ಗಂಗಾಧರಯ್ಯ ಕಟ್ಟು ಹಾಕಿಸಿದ ಹಳೆಯ ವ್ಯಂಗ್ಯಚಿತ್ರವೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಹುಡುಗಿ ಕಾಲಿಗೆ ಬಿಗಿದಿರೋ ಸರಪಳಿ ಎಲ್ಲಪ್ಪಾ? ಸಂಜೆ ಲೈಬ್ರರೀಲಿ ಅದನ್ನೇ ತೋರಿಸಿ ಮಾತಾಡ್ಬೇಕು ನಾನು.”

“ಸುತ್ತ ಹಾಕಿರೋ ರಟ್ಟಿನ ಬಾರ್ಡರ್ ಕೆಳಗಿದೆ ಸಾರ್. ಮದುವೆ ಚಿತ್ರ ಅಲ್ವಾ ಅಂತ ಅಗಲದ್ದೇ ಹಾಕ್ದೆ.”

“ಇಂಗ್ಲೆಂಡು ಐರ್ಲೆಂಡನ್ನ ಸೇರಿಸ್ಕೊಂಡಾಗ, ಅದನ್ನ ಮದುವೆ ಥರ ಬರೆದು ಗೇಲಿ ಮಾಡಿರೋದು ಕಣಯ್ಯ. ಹುಡುಗಿ ಅಂದ್ರೆ ಐರ್ಲೆಂಡು, ಸರಪಳಿ ಅಂದ್ರೆ ಬಲವಂತ. ಸರಪಳಿ ಇಲ್ದಿದ್ರೆ ಬರೀ ಮದುವೆ.”

“ಮದುವೆ ಫೋಟೋಲಿ ಚೆನ್ನಾಗಿಲ್ದೇ ಇರೋದನ್ನ ಬಾರ್ಡರಲ್ಲಿ ಮುಚ್ಚೋದು ನಮ್ಮ ಪದ್ಧತಿ ಸಾರ್.”

“ಇಂಗ್ಲೆಂಡಿನವರೂ ಅದನ್ನೇ ಮಾಡಿದ್ದು.”

ವೆಂಕಟೇಶ ಮೊಳೆ ಕಿತ್ತು ಬಾರ್ಡರ್ ತೆಗೆದುಕೊಟ್ಟ. ಮೇಷ್ಟ್ರು ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

“ನಿಮ್ದು ಕೊಡಿ ಅಮ್ಮಾ.”

“ನಂದಕ್ಕೂ ಬಾರ್ಡರ್ ಬೇಡಪ್ಪ,” ಎಂದರು ಶಿವಗಂಗಮ್ಮ.