ಅಪ್ಪ ಬಳಸಿ ಉತ್ತ ಕಲ್ಲು

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ಪಳೆಯುಳಿಕೆ ತಜ್ಞೆ ಡಾಕ್ಟರ್ ಮಾರ್ಗಿಟ್ ಹೌಗನ್ ಅವರೇ, ಅಡುಗೆಮನೆಯಲ್ಲಿ ಪಿರೋಹಿ ಕಡುಬು ಬೇಯಿಸುತ್ತಾ ಬಾಗಿಲ ಸಂದಿಯಿಂದಲೇ ಭಾಷಣ ಕೇಳುತ್ತಿರುವ ತಾಯಂದಿರೇ, ಹಾಗೂ ನನ್ನ ಊರಿನ ಸಭಿಕರೇ,

ಸ್ಟೆಫಾನ್ ಕೊವಾಲಿಷಿನ್‌ಗೆ ಐದು ನಿಮಿಷ ಸಾಕು ಎಂದು ಅಧ್ಯಕ್ಷರು ಚೀಟಿ ಬರೆದುಕೊಟ್ಟಿದ್ದಾರೆ. ಸಸ್ಕಾಚೆವಾನಿನ ಈ ನದಿದಂಡೆಯಲ್ಲಿ ನಲವತ್ತು ವರ್ಷ ಜಲ್ಲಿ ಅಗೆದವನಿಗೆ ಐದು ನಿಮಿಷವೇ? ಇರಲಿ. ಈ ಕಣಿವೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಒಬ್ಬರೇ. ಅವರನ್ನೇ ನಾವಿಂದು ಬೀಳ್ಕೊಡುತ್ತಿದ್ದೇವೆ.

ಡಾಕ್ಟರ್ ನಮಗೆ ಏನು ಕಲಿಸಿದರು? ದಂಡೆಯನ್ನು ಓದುವುದನ್ನು ಕಲಿಸಿದರು. ನಡುವಿನ ಪದರ ಹಿಮಯುಗದ ಹಿಮರಾಶಿ ಹೊತ್ತು ತಂದು ಸುರಿದ ಕಲ್ಲುಬೆರೆತ ಜೇಡಿಮಣ್ಣು. ಅದರ ಕೆಳಗಿನ ಜಲ್ಲಿ ಹಿಮ ಬರುವುದಕ್ಕೆ ಮುಂಚಿನದು. ಮೇಲಿನ ಮರಳು ಹಿಮ ಕರಗಿದ ನಂತರದ್ದು. “ಎಲ್ಲಿ ಸಿಕ್ತು ಅಂತ ಹೇಳೋಕಾಗದ ಮೂಳೆ ನನಗ್ಯಾಕೆ? ತಗೊಂಡ್ಹೋಗಿ ನಾಯಿಗೆ ಹಾಕಿ” ಎಂದು ನಮ್ಮನ್ನು ಎಷ್ಟು ಸಲ ಗದರಿದ್ದಾರೋ ಲೆಕ್ಕವಿಲ್ಲ.

ನಮ್ಮ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿರುವ ಮ್ಯಾಮತ್ ಹಲ್ಲು, ಆ ಹಳೆಯ ಕಾಲದ ಆನೆಯ ಹಲ್ಲು, ನಿಮಗೆಲ್ಲ ಗೊತ್ತು. “ಕೊವಾಲಿಷಿನ್ ಜಲ್ಲಿ ಕ್ವಾರಿ, ಜೇಡಿಯ ಕೆಳಗೆ” ಎಂದು ಅದರ ಮುಂದೆ ಬರೆದಿದೆ. ಇಪ್ಪತ್ತೆಂಟು ವರ್ಷದಿಂದ ಶಾಲೆಯ ಮಕ್ಕಳು ಅಲ್ಲಿ ನನ್ನ ಹೆಸರು ಓದುತ್ತಿದ್ದಾರೆ. ಹೆಮ್ಮೆ ಇಲ್ಲವೇ? ಇದೆ ಸ್ವಾಮಿ, ಧಾರಾಳವಾಗಿ ಇದೆ.

ನೋಡಲು ಅದು ಹೇಗಿದೆ? ಬಟ್ಟೆ ಉಜ್ಜುವ ಹಲಗೆಯ ಹಾಗೆ ಗೀರುಗೀರಾಗಿದೆ. ನನ್ನ ಅಕ್ಕ ಓರಿಸ್ಯ ಮೊದಲ ದಿನವೇ ಹಾಗೆಂದಳು. ಪ್ರತಿ ವಸಂತದಲ್ಲೂ ಹೆಪ್ಪುಗಟ್ಟಿದ ನೆಲ ಸಡಿಲಾಗಿ ಕಲ್ಲು ಮೇಲೇಳುತ್ತವಲ್ಲ, ಮನೆಮಂದಿಯೆಲ್ಲ ಬೆನ್ನು ಮುರಿದು ಆಯುತ್ತೇವಲ್ಲ, ಆಗ ಎತ್ತಿ ತೋರಿಸಿದಳು. “ಲೋ ಸ್ಟೆಫಾನ್, ನೋಡೋ ಈ ಕಲ್ಲನ್ನ! ನಿನ್ನ ಕೊಳಕು ಅಂಗಿ ಉಜ್ಜೋಕೆ ಸರಿಯಾಗಿದೆ” ಎಂದು ನಕ್ಕು ಹೊಲದಂಚಿನ ಕಲ್ಲುರಾಶಿಗೆ ಎಸೆದಳು.

ಏಕೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ?

ಹೌದು. ಹೊಲದಲ್ಲಿ. ಕ್ವಾರಿಯಲ್ಲಲ್ಲ. ಬಾಯಿ ತಪ್ಪಿ ಬಂತು, ಇನ್ನು ನುಂಗುವುದಿಲ್ಲ.

ಆ ಕಲ್ಲನ್ನು ರಾಶಿಯಿಂದ ತಂದು ಕ್ವಾರಿಯ ಆಫೀಸಿನ ಬಾಗಿಲಿಗೆ ಒತ್ತಾಗಿ ಇಟ್ಟಿದ್ದೆ. ಡಾಕ್ಟರ್ ಮೊದಲ ಸಲ ಬಂದವರು ಅದನ್ನು ಕಂಡು ಮಂಡಿಯೂರಿ ಕುಳಿತರು. “ಇದೆಲ್ಲಿ ಸಿಕ್ತು?” ಎಂದರು. ಅಕ್ಕನ ಹೊಲ ಎಂದಿದ್ದರೆ ಅಕ್ಕನ ಹೊಲಕ್ಕೆ ಹೋಗಿಬಿಡುತ್ತಿದ್ದರು. “ಇಲ್ಲೇ, ತಳದಲ್ಲಿ” ಎಂದೆ. ಅವರು ಇಪ್ಪತ್ತೆಂಟು ಬೇಸಿಗೆ ನನ್ನ ಕ್ವಾರಿಗೆ ಬಂದರು. ನಾನು ಇಪ್ಪತ್ತೆಂಟು ಬೇಸಿಗೆ ಕಾಫಿ ಕಾಯಿಸಿದೆ. ಇದಕ್ಕಿಂತ ಹೆಚ್ಚನ್ನು ಮೈಕಿನ ಮುಂದೆ ಹೇಳಲಾರೆ.

ಹೋದ ತಿಂಗಳು ತಮ್ಮ ಪುಸ್ತಕಗಳನ್ನು ಕಟ್ಟುತ್ತಾ ಹೇಳಿದರು: “ಒಂದೇ ಒಂದು ಗೊತ್ತಾಗ್ಲಿಲ್ಲ ಸ್ಟೆಫಾನ್. ಹಿಮ ಕರಗಿದ್ಮೇಲೆ ಮ್ಯಾಮತ್ ಈ ಕಣಿವೆಗೆ ವಾಪಸ್ ಬಂದಿತ್ತಾ? ಮೇಲಿನ ಮರಳಲ್ಲಿ ಒಂದು ಚೂರೂ ಸಿಗ್ಲಿಲ್ಲ.” ಅಂದಿನಿಂದ ನನಗೆ ಊಟ ರುಚಿಸಿಲ್ಲ. ಅಕ್ಕನ ಹೊಲದಲ್ಲಿರುವುದೆಲ್ಲ ಆ ಮೇಲಿನ ಮರಳೇ.

ಬೈಯಿರಿ ಡಾಕ್ಟರ್, ನಿಮಗೆ ಹಕ್ಕಿದೆ. ಆದರೆ ಜಾಗ ಕಳೆದುಹೋಗಿಲ್ಲ. ಆ ಹಲ್ಲು ಸಿಕ್ಕಲ್ಲಿಯೇ ನೆಲದೊಳಗೆ ಎತ್ತಲಾಗದ ದೊಡ್ಡದೊಂದು ಕಲ್ಲಿದೆ ಎಂದು ನಮ್ಮಪ್ಪ ಅದಕ್ಕೆ ನೇಗಿಲು ತಾಗದಂತೆ ಸುತ್ತು ಬಳಸಿ ಉಳುತ್ತಿದ್ದರು. ಅಕ್ಕನೂ ಇವತ್ತಿಗೂ ಬಳಸಿಯೇ ಉಳುತ್ತಾಳೆ. ಅದು ಕಲ್ಲೇ ಹೌದೋ ಅಲ್ಲವೋ ಎಂದು ಯಾರೂ ಅಗೆದು ನೋಡಿಲ್ಲ.

ಅಧ್ಯಕ್ಷರೇ, ಆ ಹಲ್ಲಿನ ಮುಂದಿನಿಂದ ನನ್ನ ಹೆಸರು ತೆಗೆಸಿ, ಓರಿಸ್ಯಳ ಹೆಸರು ಬರೆಸಿ. ಡಾಕ್ಟರ್, ನಾಳೆ ಬೆಳಿಗ್ಗೆ ಏಳಕ್ಕೆ ಅಕ್ಕ ಹೊಲದ ಗೇಟು ತೆಗೆದಿರುತ್ತಾಳೆ. ನೋಡಿ, ಮೂರನೇ ಸಾಲಿನಲ್ಲಿ ಹೂಂ ಎಂದು ತಲೆಯಾಡಿಸುತ್ತಿದ್ದಾಳೆ. ಗುದ್ದಲಿ ನಾನು ತರುತ್ತೇನೆ.

ಐದು ನಿಮಿಷದವನನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಧನ್ಯವಾದ. ಡಾಕ್ಟರ್, ನಾಳೆ ನೀವು ಬರದಿದ್ದರೆ ನಾವು ಅಲ್ಲಿ ಗುದ್ದಲಿ ಹಾಕುವುದಿಲ್ಲ. ನೀವು ಬರುವವರೆಗೂ ಬಳಸಿಯೇ ಉಳುತ್ತೇವೆ. ನಮಸ್ಕಾರ.