ಎಮ್ಮೆಗೆ ಗುರುತು ಸಿಗದ ಓಣಿ

ಈ ಸಭೆಯ ಅಧ್ಯಕ್ಷಸ್ಥಾನದಲ್ಲಿರುವ ನಮ್ಮ ಯರಗುಪ್ಪಿಯ ಪಂಚಾಯ್ತಿ ಚೇರಮನ್ ಹೊಳಬಸಪ್ಪನವರೇ, ಮೊರಾಕ್ಕೋ ದೇಶದಿಂದ ಬಂದು ನಮ್ಮ ಶಾಲೆಯ ಕಟ್ಟೆಯ ಮೇಲೆ ರುಮಾಲು ಸುತ್ತಿಸಿಕೊಂಡು ಕುಳಿತಿರುವ ಸಿನಿಮಾ ನಿರ್ದೇಶಕ ಇದ್ರೀಸ್ ಖದ್ದೂರಿ ಸಾಹೇಬರೇ, ಅವರನ್ನು ಇಷ್ಟು ದಿನ ಮನೆಯಲ್ಲಿ ಇಟ್ಟುಕೊಂಡ ಮಾಬುಸಾಬ ಕಾಕಾ ಅವರೇ, ನೆರಳಿನಲ್ಲಿ ಕುಳಿತ ಸಭಿಕರೇ, ಬಿಸಿಲಿನಲ್ಲಿ ಕುಳಿತ ಸಭಿಕರೇ, ಮತ್ತು ಮನೆಯ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿರುವ ನಮ್ಮ ಆಯಿ ಮೈಲಾರವ್ವನೇ,

ಕೊನೆಯ ಹೆಸರಿಗೆ ನೀವು ನಕ್ಕಿರಿ. ನಗಬೇಡಿ. ಮೈಕಿನ ಹಜರತಅಲಿ ಅಣ್ಣ ಒಂದು ಹಾರ್ನನ್ನು ಬೇಕಂತಲೇ ನಮ್ಮ ಓಣಿಯ ಕಡೆ ತಿರುಗಿಸಿ ಕಟ್ಟಿದ್ದಾರೆ. ನಮ್ಮಪ್ಪನ ತಾಯಿ ಸೋಮವಾರದಿಂದ ಹೊಸ್ತಿಲು ದಾಟಿಲ್ಲ. ಸಾಹೇಬರ ಸಿನಿಮಾಕ್ಕೆ ಅವಳೇ ನಾಯಕಿ. ಸಾಹೇಬರು ನಾಳೆ ಮುಂಜಾನೆಯ ಗಾಡಿಗೆ ಹೊರಡುತ್ತಾರೆ. ಇವತ್ತು ಹೊತ್ತು ಮುಳುಗುವುದರೊಳಗೆ ಅವಳು ಹೊರಗೆ ಬಂದರೆ ಸಿನಿಮಾ ಮುಗಿಯುತ್ತದೆ, ಬರದಿದ್ದರೆ ಅದು ಅರ್ಧಕ್ಕೇ ಡಬ್ಬಿ ಸೇರುತ್ತದೆ. ಆದ್ದರಿಂದ ನಾನು ನಿಂತಿರುವುದು ನಿಮ್ಮ ಎದುರಿಗೆ; ಮಾತು ಮುಟ್ಟಬೇಕಾದದ್ದು ಅವಳಿಗೆ.

"ಸುಶೀಲಾ, ನೀ ಧಾರವಾಡದಾಗ ಹಾಸ್ಟೆಲಿನಾಗ ಇದ್ದು ಕಲಿಯಾಕಿ, ಇಂಗ್ಲೀಷ್ ಬರ್ತೈತಿ, ಸಾಹೇಬ್ರ ಜೀವನ ಮತ್ತು ಸಾಧನೆ ಅಂತ ನಾಕ ಮಾತು ಆಡು" ಎಂದು ಚೇರಮನ್ನರು ಅಪ್ಪಣೆ ಮಾಡಿದರು. ನಾನು ಫಸ್ಟ್ ಇಯರ್. ಬಹಳ ನರ್ವಸ್ ಆಗಿದ್ದೇನೆ. ಸಾಹೇಬರಿಗೂ ನನಗೂ ಇಂಗ್ಲಿಷು ಅರ್ಧರ್ಧ ಬರುತ್ತದೆ. ಎರಡೂ ಸೇರಿ ಪೂರ್ತಿ ಆಗಬೇಕಿತ್ತು. ಆದರೆ ಇಬ್ಬರಿಗೂ ಬರುವುದು ಅದೇ ಅರ್ಧ! ಉಳಿದದ್ದಕ್ಕೆ ಕೈ ಆಡಿಸಿದ್ದೇವೆ.

ಈಗ ವಿಷಯಕ್ಕೆ ಬರುತ್ತೇನೆ. ಸಾಹೇಬರು ಹುಟ್ಟಿದ್ದು ಗುಡ್ಡದ ಬುಡದ ಒಂದು ಸಣ್ಣ ಊರಿನಲ್ಲಿ. ತಂದೆ ಉಣ್ಣೆಗೆ ಬಣ್ಣ ಹಾಕುವವರು. ಮನೆಯಲ್ಲಿ ಎಲ್ಲರ ಕೈಯೂ ಮೊಳಕೈತನಕ ನೀಲಿಯಂತೆ. ಊರಿಗೆ ಬಂದ ಟೆಂಟ್ ಸಿನಿಮಾವನ್ನು ಅವರು ಪರದೆಯ ಹಿಂದೆ ಕುಳಿತು ನೋಡಿದರು, ಅಲ್ಲಿ ಟಿಕೇಟು ಕೇಳುವವರಿಲ್ಲ ಎಂದು. ಎಲ್ಲ ಉಲ್ಟಾ ಕಂಡಿತು, ಎಲ್ಲರೂ ಎಡಗೈಯಿಂದಲೇ ಉಣ್ಣುತ್ತಿದ್ದರು. ಆದರೂ ಹುಚ್ಚು ಹಿಡಿಯಿತು. ದೊಡ್ಡವರಾಗಿ ಕಾಸಾಬ್ಲಾಂಕಾ ಎಂಬ ಶಹರದ ಟಾಕೀಜಿನಲ್ಲಿ ಕೆಲಸ ಮಾಡಿ, ಪ್ಯಾರಿಸ್ಸಿಗೆ ಹೋಗಿ ಸಿನಿಮಾ ತೆಗೆಯುವುದನ್ನು ಕಲಿತು ಬಂದರು. ಒಂದು ಬಾವಿಯ ಬಗ್ಗೆ ಸಿನಿಮಾ ತೆಗೆದರು, ಬಹುಮಾನ ಬಂತು. ಒಬ್ಬ ಬಸ್ ಡ್ರೈವರನ ಬಗ್ಗೆ ತೆಗೆದರು. ಅದರ ಮೊದಲ ಆಟಕ್ಕೆ ಬಂದವರು ಇಬ್ಬರೇ, ಅದರಲ್ಲಿ ಒಬ್ಬ ಮಳೆಗೆ ನಿಂತವನು. ಇದನ್ನು ಅವರೇ ನಗುನಗುತ್ತಾ ಹೇಳಿದ್ದು, ನಾನು ಸೇರಿಸಿದ್ದಲ್ಲ.

ಅಂಥವರು ಯರಗುಪ್ಪಿಗೆ ಯಾಕೆ ಬಂದರು? ನಮ್ಮಲ್ಲಿ ಏನಿದೆ? ಹತ್ತಿ ಇದೆ, ಎರೆ ಮಣ್ಣು ಇದೆ, ಮತ್ತೆ? ಕೇಳಿರಿ. ಅವರು ಬೆಂಗಳೂರಿಗೆ ಹೊರಟಿದ್ದರು. ಸಂಶಿ ಹತ್ತಿರ ಗಾಡಿ ನಿಂತುಬಿಟ್ಟಿತು. ಹಳಿಯ ಮೇಲೆ ಒಂದು ಎಮ್ಮೆ. ಎಮ್ಮೆಯ ಹಿಂದೆ ಒಬ್ಬ ಮುದುಕಿ. "ಸರೀತಿಯೋ ಇಲ್ಲೋ ಭಾಡ್ಯಾ, ನಿಮ್ಮಪ್ಪನ ಗಾಡಿ ಏನ ಇದು?" ಎನ್ನುತ್ತಿದ್ದಾಳೆ. ಎಮ್ಮೆಗೆ ಅಲ್ಲ, ಡ್ರೈವರನಿಗೆ! ಸಂಶಿ ಸಂತೆಯಲ್ಲಿ ಕೊಂಡ ಹೊಸ ಎಮ್ಮೆಗೆ ಅವನು ಸೀಟಿ ಹೊಡೆದು ಹೆದರಿಸಿದನಂತೆ. ಸಾಹೇಬರು ಪೆಟ್ಟಿಗೆ ಎತ್ತಿಕೊಂಡು, ಕ್ಯಾಮೆರಾದವನನ್ನೂ ಎಬ್ಬಿಸಿಕೊಂಡು ಅಲ್ಲೇ ಇಳಿದು ಅವಳ ಹಿಂದೆಯೇ ನಡೆದು ಬಂದರು. ಆ ಮುದುಕಿ ಯಾರೆಂದು ನಾನು ಹೇಳಬೇಕಾಗಿಲ್ಲ.

ಸಿನಿಮಾದ ಕಥೆ ನಿಮಗೆಲ್ಲ ಗೊತ್ತು. ಮುಂಜಾನೆ ಎಮ್ಮೆ ಕಳೆಯುತ್ತದೆ, ಮುದುಕಿ ಊರೆಲ್ಲ ಹುಡುಕುತ್ತಾಳೆ, ಸಂಜೆಗೆ ಅದು ಮನೆಗೆ ಬರುತ್ತದೆ. ಒಂದೇ ದಿವಸದ ಕಥೆ. "ಇದನ್ನ ನೋಡಾಕ ಸಮುದ್ರಾ ದಾಟಿ ಬರಬೇಕಿತ್ತೇನ್ರಿ? ನಮ್ಮಲ್ಲೆ ವಾರಕ್ಕೊಮ್ಮಿ ಎಮ್ಮಿ ಕಳೀತೈತಿ" ಎಂದು ಮಾಬುಸಾಬ ಕಾಕಾ ಕೇಳಿದರು. ಆದರೂ ಎಲ್ಲರೂ ಕೂಡಿ ಮಾಡಿದಿರಿ. ಮುಕ್ಕಾಲು ಪಾಲು ಮುಗಿಯಿತು. ಕ್ಯಾಮೆರಾ ಕೆಟ್ಟಿತೆಂದು ಸಾಹೇಬರು ಹುಬ್ಬಳ್ಳಿಗೆ ಹೋದರು.

ಆಮೇಲೆ ಏನಾಯಿತು? ಎಲ್ಲರೂ ಯಾಕೆ ತಲೆ ತಗ್ಗಿಸಿದಿರಿ?

ಆಯಿ ಓಣಿಯ ನಡುವೆ ನಿಂತು ಹೇಳಿದಳು: "ಏನ್ ಬೇ ಯವ್ವಾ, ದೇಶಾನುದೇಶದ ಮಂದಿ ನೋಡೂ ಸಿನಿಮಾದಾಗ ನಮ್ಮ ಗ್ವಾಡಿ ಹಿಂಗ ಬೋಳ ಕಾಣಬೇಕೇನ? ಮನಿಗೆ ಬೀಗರು ಬಂದ್ರ ಸುಣ್ಣಾ ಹಚ್ಚೂದಿಲ್ಲೇನ?" ನಿಜವಲ್ಲವೇ? ನಮ್ಮ ಹಾಸ್ಟೆಲಿನ ಹುಡುಗಿಯರೂ ನೋಡುತ್ತಾರೆ, ಮಣ್ಣಿನ ಗೋಡೆ ಕಂಡರೆ ಏನೆಂದಾರು ಎಂದು ನಾನೂ ಒಮ್ಮೆ ಊಟದ ಹೊತ್ತಿನಲ್ಲಿ ಅವಳ ಮುಂದೆ... ಅದಿರಲಿ. ಚೇರಮನ್ನರು ಸುಣ್ಣ ತರಿಸಿದರು, ಹೆಣ್ಣುಮಕ್ಕಳು ಕೆಮ್ಮಣ್ಣು ಕಲಸಿದರು. ಸಾಹೇಬರು ಬರುವಷ್ಟರಲ್ಲಿ ಓಣಿ ಹಾಲಿನಲ್ಲಿ ತೊಳೆದ ಹಾಗೆ ಆಗಿತ್ತು. ಕೆಳಗೆ ಕೆಂಪು ಅಂಚು ಬೇರೆ.

ಸಾಹೇಬರು ಚಕ್ಕಡಿಯಿಂದ ಇಳಿದು ನೋಡಿದರು. ಆ ಗೋಡೆ ನೋಡಿದರು, ಈ ಗೋಡೆ ನೋಡಿದರು. ಮುಂಜಾನೆ ಮಣ್ಣಿನ ಬಣ್ಣವಿದ್ದ ಓಣಿ ಅದೇ ದಿನ ಸಂಜೆಗೆ ಬೆಳ್ಳಗಾದರೆ ನೋಡುವವರು ನಂಬುತ್ತಾರೆಯೇ? ತೆಗೆದದ್ದೆಲ್ಲ ಹಾಳು ಎಂದು ಅವರ ಕ್ಯಾಮೆರಾದವನು ಅಲ್ಲೇ ನೆಲಕ್ಕೆ ಕುಳಿತ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಆಯಿ ಕೈಯಲ್ಲಿದ್ದ ಸುಣ್ಣದ ಗಡಿಗೆ ಕೆಳಗಿಟ್ಟು, ಒಳಗೆ ಹೋಗಿ ಅಗಳಿ ಹಾಕಿಕೊಂಡಳು. "ನಾ ಮುಟ್ಟಿದ್ದೆಲ್ಲಾ ಕೆಡತೈತಿ. ಇನ್ನ ನನ್ನ ಕರೀಬ್ಯಾಡ್ರಿ."

ಆಯಿ, ಆಮೇಲಿನದನ್ನು ನೀನು ಕೇಳಿಸಿಕೊಳ್ಳಲಿಲ್ಲ. ಈಗ ಕೇಳು.

ಅವತ್ತು ಮಾಬುಸಾಬ ಕಾಕಾನ ಪಡಸಾಲೆಯಲ್ಲಿ ಸಾಹೇಬರು ನನಗೆ ತಮ್ಮ ತಾಯಿಯ ಸಂಗತಿ ಹೇಳಿದರು. ಅವರು ತೆಗೆದ ಮೊಟ್ಟಮೊದಲ ಸಿನಿಮಾ ಬಾವಿಯದಲ್ಲ. ಅದಕ್ಕೂ ಮೊದಲು ಒಂದು ಇತ್ತು. ಫಿಲ್ಮಿನ ಡಬ್ಬಿಗಳನ್ನು ಮನೆಯಲ್ಲಿಟ್ಟು ಪೇಟೆಗೆ ಹೋಗಿದ್ದರು. ಒಳಗೆ ಧೂಳು ಕೂತಿರಬೇಕೆಂದು ತಾಯಿ ಡಬ್ಬಿ ತೆರೆದು, ಸುರುಳಿ ಬಿಚ್ಚಿ, ಒದ್ದೆ ಅರಿವೆಯಿಂದ ಚೊಕ್ಕ ಒರೆಸಿ, ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಒಣಹಾಕಿದರು! ಲ್ಯಾಬಿನಲ್ಲಿ ಇನ್ನೂ ತೊಳೆಯದ ಫಿಲ್ಮು ಅದು, ಬೆಳಕು ಬಿದ್ದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಏನೂ ಉಳಿಯಲಿಲ್ಲ. ಬಂದ ಮಗ ಒಂದು ಮಾತೂ ಆಡದೆ ಹೊರಗೆ ಹೋದರು.

ಆ ತಾಯಿ ಮುಂದೆ ಮಗನ ಒಂದು ಸಿನಿಮಾವನ್ನೂ ನೋಡಲಿಲ್ಲ. ಕರೆದಾಗೆಲ್ಲ "ನಾನು ಬಂದರೆ ಏನಾದರೂ ಕೆಡುತ್ತದೆ" ಎನ್ನುತ್ತಿದ್ದರಂತೆ. ಟಾಕೀಜಿನ ಬಾಗಿಲಿಗೆ ರೊಟ್ಟಿ ಕಟ್ಟಿ ಕಳಿಸುತ್ತಿದ್ದರು, ತಾವು ಬರುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡರು. ಸಾಹೇಬರು ನನಗೆ ಹೇಳಿದ್ದು ಇಷ್ಟು: "ನಾನು ಅವಳ ಮೇಲೆ ಸಿಟ್ಟಾಗಲಿಲ್ಲ. ಆದರೆ ಸಿಟ್ಟಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ನಿನ್ನ ಆಯಿಗೆ ಹೇಳು, ಊರೆಲ್ಲ ಕೇಳುವ ಹಾಗೆ ಹೇಳು."

ಹೇಳಿದೆ, ಆಯಿ. ಸಿಟ್ಟಿಲ್ಲ. ಕೇಳಿಸಿತೇ? ಹಜರತಅಲಿ ಅಣ್ಣಾ, ಸ್ವಲ್ಪ ದೊಡ್ಡದು ಮಾಡು. ಸಿಟ್ಟಿಲ್ಲ!

ಇನ್ನೊಂದು ಮಾತು. ಸಾಹೇಬರು ಕಥೆಯನ್ನೇ ಬದಲು ಮಾಡಿದ್ದಾರೆ. ಈಗ ಎಮ್ಮೆ ಬಹಳ ದಿನ ಬರುವುದಿಲ್ಲ. ಕಡೆಗೊಂದು ದಿನ ತಾನಾಗಿಯೇ ಬರುತ್ತದೆ. ಆದರೆ ಅಷ್ಟರಲ್ಲಿ ಊರವರು ಸುಣ್ಣ ಹಚ್ಚಿಬಿಟ್ಟಿದ್ದಾರೆ! ಎಮ್ಮೆಗೆ ತನ್ನ ಮನೆಯೇ ಗುರುತು ಸಿಗುವುದಿಲ್ಲ. ಓಣಿಯ ಬಾಯಲ್ಲಿ ನಿಂತುಬಿಡುತ್ತದೆ. ಆಗ ಮುದುಕಿ ಬಾಗಿಲಿಗೆ ಬಂದು ಕರೆಯಬೇಕು. ನಿನ್ನೆ ಸಾಹೇಬರು ನಮ್ಮ ಕಾಕೂ ಕೈಲಿ ಕರೆಸಿ ನೋಡಿದರು. ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಚೇರಮನ್ನರು ಕರೆದರು. ಎಮ್ಮೆ ಸೆಗಣಿ ಹಾಕಿತು. ಕ್ಷಮಿಸಿ ಚೇರಮನ್ನರೇ, ಆದದ್ದು ಹೇಳಿದೆ. ಅದು ಬರುವುದು ನಿನ್ನ ದನಿಗೆ ಮಾತ್ರ, ಆಯಿ. ಸುಣ್ಣ ಹಚ್ಚದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಮೊದಲಿನದಕ್ಕಿಂತ ಇದೇ ಚಂದ ಎಂದು ಸಾಹೇಬರು...

ಯಾಕೆ ಎಲ್ಲರೂ ಹಿಂದೆ ತಿರುಗಿದಿರಿ? ಹಾದಿ ಬಿಡ್ರಿ, ಹಾದಿ ಬಿಡ್ರಿ ಸ್ವಲ್ಪ!

ಬಂದಳು. ಸೆರಗು ಬಿಗಿದು ಕಟ್ಟಿ, ಎಮ್ಮೆಯನ್ನೂ ಹಿಡಿದುಕೊಂಡೇ ಬಂದಳು. ಮೈಕ್ ಇಲ್ಲದಿದ್ದರೂ ಅವಳು ಅಂದದ್ದು ನಿಮಗೆಲ್ಲ ಕೇಳಿಸಿದೆ. ಕೇಳದವರಿಗಾಗಿ ಹೇಳುತ್ತೇನೆ: "ಮನೀ ಮಾತು ಊರ ಮುಂದ ಒದರಾಕ ಕಾಲೇಜಿಗೆ ಕಳಿಸಿದ್ನೇನ ನಿನ್ನ? ಎಮ್ಮಿ ಹಿಂಡೂ ಹೊತ್ತಾತು, ಏನ ತಗೀತಾನ ಲಗೂನ ತಗೀಲಿ ಅನ್ನು ಆ ಹುಡುಗಗ!" ಸಾಹೇಬರಿಗೆ ಇದನ್ನು ಇಂಗ್ಲಿಷಿಗೆ ತಿರುಗಿಸುವ ಗರಜು ಬೀಳಲಿಲ್ಲ. ಹಾರ ಹಾಕಿಕೊಂಡೇ ಕಟ್ಟೆಯಿಂದ ಜಿಗಿದು ಹೋದರು, ಕ್ಯಾಮೆರಾದವನು ಮುಂದೆ ಓಡಿದ್ದಾನೆ.

ಚೇರಮನ್ನರೇ, ತಮ್ಮ ಅಧ್ಯಕ್ಷೀಯ ಭಾಷಣವನ್ನು ಬೆಳಕು ಇಳಿದ ಮೇಲೆ ಇಟ್ಟುಕೊಳ್ಳಲು ಸಭೆಯ ಪರವಾಗಿ ನಾನೇ ಒಪ್ಪಿಗೆ ಕೊಡುತ್ತಿದ್ದೇನೆ. ಹಾರ್ನು ತಿರುಗಿಸಿದ ಹಜರತಅಲಿ ಅಣ್ಣನಿಗೆ, ಮಾಬುಸಾಬ ಕಾಕಾನಿಗೆ, ನಿಮ್ಮೆಲ್ಲರಿಗೆ ಉಪಕಾರ. ನಡೀರಿ, ಎಲ್ಲರೂ ಹೋಗೂಣು. ಒಂದೇ ವಿನಂತಿ, ಓಣಿಯಲ್ಲಿ ಯಾರೂ ಗೋಡೆಗೆ ಆತು ನಿಲ್ಲಬೇಡಿರಿ, ಸುಣ್ಣ ಅರಿವೆಗೆ ಹತ್ತುತ್ತದೆ. ನಮಸ್ಕಾರ.