ಸಾರು ಆರಬಾರದೆಂದು ಶ್ರುತಿ ಬಿಟ್ಟವನು

ಮೊನ್ನೆ ಭಕ್ತರೊಬ್ಬರ ಮನೆಯಲ್ಲಿ ಪೂಜೆ ಮುಗಿದ ಮೇಲೆ ಮಕ್ಕಳು ನನ್ನನ್ನು ಕೂರಿಸಿಕೊಂಡು ಒಂದು ಫ್ರೆಂಚ್ ಸಿನಿಮಾ ತೋರಿಸಿದರು. ಹಳೇ ಕಾಲದ ಸಂಗೀತಗಾರರ ಸಿನಿಮಾ. ಗಂಡಸರ ತಲೆಯ ಮೇಲೆಲ್ಲ ಕೃತಕ ಕೂದಲು, ಎಲ್ಲಿ ನೋಡಿದರೂ ಮೇಣದ ಬತ್ತಿ. ಅರ್ಧ ತಿಳಿಯಿತು, ಅರ್ಧ ತೂಕಡಿಕೆಗೆ ಹೋಯಿತು. ಆದರೆ ಅದರಲ್ಲಿ ಒಬ್ಬ ನುಡಿಸುವ ಮೊದಲು ತಂತಿ ಬಿಗಿದು, ಕಿವಿಗೊಟ್ಟು, ಮತ್ತೆ ಬಿಗಿಯುತ್ತಿದ್ದ. ಅದೊಂದು ಮನಸ್ಸಿನಲ್ಲಿ ನಿಂತಿತು. ಈಗ ಹೇಳುವುದು ಆ ಸಿನಿಮಾದ ಕಥೆಯಲ್ಲ. ಅದನ್ನು ನೋಡುವಾಗ ನನ್ನ ತಲೆಗೆ ಬಂದ ಕಥೆ.

ಆ ಸೀಮೆಯ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಇಟ್ಟುಕೊಳ್ಳಿ. ಸಂಗೀತವೆಂದರೆ ಪ್ರಾಣ ಎಂದು ಹೇಳಿಕೊಳ್ಳುತ್ತಿದ್ದ. ಅವನ ಊಟದ ಮನೆಯಲ್ಲಿ ಒಂದು ಪದ್ಧತಿ: ವಾದ್ಯದ ಮೊದಲ ಸ್ವರ ಹೊರಡುವ ತನಕ ಯಾರೂ ಚಮಚ ಎತ್ತುವಂತಿಲ್ಲ. ಅಲ್ಲಿಗೆ ನುಡಿಸಲು ಬರುತ್ತಿದ್ದವನು ಒಬ್ಬ ವಾದಕ. ವಾದ್ಯವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಿದ್ದ. ಅದರ ತಂತಿ ಲೋಹದ್ದಲ್ಲ, ಕುರಿಯ ಕರುಳಿನಿಂದ ಹೊಸೆದದ್ದು. ಮುಖ ಸಿಂಡರಿಸಬೇಡಿ ತಾಯಿ, ನಮ್ಮ ಮೃದಂಗಕ್ಕೆ ಕಟ್ಟುವುದೂ ಚರ್ಮವೇ.

ಈ ಕರುಳಿನ ತಂತಿ ಬಹಳ ನಾಜೂಕು. ಹೊರಗಿನ ಚಳಿಯಲ್ಲಿ ಸರಿಮಾಡಿ ತಂದರೆ ಒಳಗಿನ ದೀಪದ ಕಾವಿಗೆ, ಜನರ ಉಸಿರಿಗೆ ಜಾರಿಬಿಡುತ್ತದೆ. ಹಾಗಾಗಿ ವಾದಕ ಅಲ್ಲೇ ಕೂತು ಶ್ರುತಿ ಮಾಡಬೇಕಾಗಿತ್ತು. ಅತಿಥಿಗಳು ಕಾಯುತ್ತಿದ್ದರು. ಸಾರು ಆರುತ್ತಿತ್ತು.

ಒಂದು ದಿನ ಶ್ರೀಮಂತ ಕರೆದು ಹೇಳಿದ. ಅವನು ಹೇಳಿದ್ದು ಫ್ರೆಂಚಿನಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಅದೇನ್ ಕುಯ್ಯೋ ಕುಯ್ಯೋ ಅಂತೀಯಪ್ಪ ಊಟದ ಹೊತ್ತಲ್ಲಿ? ಇನ್ಮೇಲೆ ಅದೆಲ್ಲ ಹೊರಗೇ ಮುಗಿಸ್ಕೊಂಡು ಬಾ. ಒಳಗೆ ಬಂದ್ಯೋ, ನುಡಿಸು ಅಷ್ಟೇ."

"ಧಣಿ, ಒಳಗೆ ಬಂದ್ರೆ ತಂತಿ ಜಾರತ್ತೆ."

"ಯಾರಿಗೆ ಗೊತ್ತಾಗತ್ತೆ?"

ನೋಡಿ, ಈ ಮಾತು ಗಮನಿಸಿ. ಯಾರಿಗೆ ಗೊತ್ತಾಗತ್ತೆ? ಲೋಕದಲ್ಲಿ ಎಷ್ಟು ಕೆಲಸ ಈ ಒಂದು ಮಾತಿನಿಂದ ಕೆಟ್ಟಿದೆ.

ವಾದಕ ಒಪ್ಪಿಕೊಂಡ. ಹೊಟ್ಟೆಪಾಡು, ಒಪ್ಪದೆ ಏನು ಮಾಡುತ್ತಾನೆ? ಮೊದಮೊದಲು ಜಾರಿದ ತಂತಿ ಅವನ ಕಿವಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಆಮೇಲೆ ಒಂದು ಉಪಾಯ ಕಂಡುಕೊಂಡ. ತಪ್ಪಿದ ಸ್ವರದ ಮೇಲೆ ನಿಲ್ಲುತ್ತಿರಲಿಲ್ಲ, ಅದನ್ನು ಅಲುಗಿಸಿ, ಕುಣಿಸಿ, ಅಲಂಕಾರದಲ್ಲಿ ಮುಚ್ಚಿ ದಾಟಿಬಿಡುತ್ತಿದ್ದ. ಅತಿಥಿಗಳು ಭೇಷ್ ಎಂದರು. ವರ್ಷಗಳು ಹೋದವು. ಮುಳ್ಳು ಚುಚ್ಚುವುದು ನಿಂತಿತು. ಗಾಯ ವಾಸಿಯಾಯಿತು ಅಂದುಕೊಂಡ. ವಾಸಿಯಾಗಿರಲಿಲ್ಲ, ಅಲ್ಲಿ ಜೋಮು ಹಿಡಿದಿತ್ತು.

ಅವನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಮಗು, ಸನ್ಯಾಸಿನಿಯರ ಮಠದಲ್ಲಿ ಹಾಡು ಕಲಿತು ಬೆಳೆದು ಮನೆಗೆ ಬಂದಳು. ಮಗಳು ಹಾಡಬೇಕು, ತಾನು ಜೊತೆಗೆ ನುಡಿಸಬೇಕು, ಇದೊಂದೇ ಅವನಿಗೆ ಉಳಿದಿದ್ದ ಆಸೆ. ಹಬ್ಬದ ಔತಣಕ್ಕೆ ಅವಳನ್ನೂ ಕರೆತಾ ಎಂದು ಶ್ರೀಮಂತನೂ ಹೇಳಿದ್ದ. ಅಪ್ಪ ಮಗಳು ಮನೆಯಲ್ಲಿ ಕೂತು ಅಭ್ಯಾಸ ಶುರುಮಾಡಿದರು. ಅವಳು ನಾಲ್ಕು ಸ್ವರ ಹಾಡಿ ನಿಲ್ಲಿಸಿದಳು.

"ಅಪ್ಪಾ, ತಂತಿ ಸೇರ್ತಿಲ್ಲ."

"ಸೇರಿದೆ. ಹಾಡು."

"ಇಲ್ಲಪ್ಪ, ಇಳಿದಿದೆ."

ಅವನಿಗೆ ಸಿಟ್ಟು ಬಂತು. "ನಾನು ನಿನ್ನಜ್ಜನ ಕೈಲಿ ಕಲಿತವನು ಕಣೇ. ಆ ಮಠದಲ್ಲಿ ನಿನ್ನ ಕಿವಿ ಕೆಡಿಸಿ ಕಳಿಸಿದಾರೆ."

ಮಗಳು ಸುಮ್ಮನಾದಳು. ಮಾರನೆಯ ದಿನ ಕೂತರೆ, ಏನಾಶ್ಚರ್ಯ, ಅವಳ ದನಿ ಅವನ ತಂತಿಗೆ ಸರಿಯಾಗಿ ಕೂತುಬಿಟ್ಟಿತು. ಅವನಿಗೆ ಹೇಳತೀರದ ಸಂತೋಷವಾಯಿತು.

"ನೋಡ್ದಾ? ನಾನು ಹೇಳಿದ್ದೆ. ಈಗ ನಿನ್ನ ಕಿವಿ ಸರಿಹೋಯ್ತು."

ಮಗಳು ತಲೆ ತಗ್ಗಿಸಿ ಹೇಳಿದಳು, "ಕಿವಿ ಮೊದಲಿನ ಹಾಗೇ ಇದೆಯಪ್ಪ. ನಿಮಗೆ ಬೇಜಾರಾಗಬಾರದು ಅಂತ ನಿಮ್ಮ ಜೊತೆ ನಾನೂ ತಪ್ಪು ಹಾಡಿದೆ."

ವಾದಕ ಕಮಾನು ಕೆಳಗಿಟ್ಟ. ಒಂದೊಂದೇ ತಂತಿ ಮೀಟಿ ನೋಡಿದ. ಅವನಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತು. ಅವನಿಗೆ ಹೆದರಿಕೆಯಾದದ್ದು ಆಗ.

ಹಬ್ಬದ ದಿನ ಬಂತು. ಊಟದ ಮನೆಯ ತುಂಬ ಅತಿಥಿಗಳು, ತುಂಬ ದೀಪಗಳು. ಸಾರು ಬಡಿಸಿ ಆಗಿತ್ತು. ಎಲ್ಲರೂ ಚಮಚದ ಪಕ್ಕ ಕೈಯಿಟ್ಟು ಮೊದಲ ಸ್ವರಕ್ಕೆ ಕಾಯುತ್ತಿದ್ದರು. ವಾದಕ ಕಮಾನು ಎತ್ತಲಿಲ್ಲ. ಮಗಳ ಕಡೆ ತಿರುಗಿದ.

"ನನ್ನ ಕಿವಿ ನಂಬೋ ಹಾಗಿಲ್ಲ ಮಗಳೇ. ನೀನು ಸ್ವರ ಕೊಡು."

ಅವಳು ಸಣ್ಣದಾಗಿ ದನಿ ತೆಗೆದಳು. ಅವನು ಬಿರಡೆ ತಿರುಗಿಸಿದ. ಅವಳು ತಲೆಯಾಡಿಸಿ ಇಲ್ಲ ಎಂದಳು. ಮತ್ತೆ ತಿರುಗಿಸಿದ. ಆ ತುಂಬಿದ ಸಭೆಯಲ್ಲಿ, ತಲೆ ನರೆತವನು, ಮಗಳ ಮುಖ ನೋಡಿಕೊಂಡು ಒಂದೊಂದೇ ತಂತಿಯನ್ನು ಸರಿಮಾಡಿಕೊಂಡ. ಯಾರೋ ನಕ್ಕರು. ಶ್ರೀಮಂತನ ಮುಖ ಕೆಂಪಾಯಿತು. ಆಮೇಲೆ ಅಪ್ಪ ಮಗಳು ಹಾಡಿ ನುಡಿಸಿದರು.

ಚೆನ್ನಾಗಿತ್ತೇ? ಚೆನ್ನಾಗಿತ್ತು. ಶ್ರೀಮಂತನಿಗೆ ಗೊತ್ತಾಯಿತೇ? ಇಲ್ಲ. ಅವನಿಗೆ ಅಂದಿಗೂ ಇಂದಿಗೂ ವ್ಯತ್ಯಾಸವೇ ತಿಳಿಯಲಿಲ್ಲ, ಸಾರು ಆರಿದ್ದು ಮಾತ್ರ ತಿಳಿಯಿತು. ನಾಳೆಯಿಂದ ಬರಬೇಡ ಎಂದ. ವಾದಕ ವಾದ್ಯ ಎತ್ತಿಕೊಂಡು ಮಗಳ ಜೊತೆ ಮನೆಗೆ ನಡೆದ. ಕೆಲಸ ಹೋಯಿತು, ಅದು ಸಣ್ಣ ನಷ್ಟವೇನಲ್ಲ. ಆದರೆ ದಾರಿಯಲ್ಲಿ ಮಗಳು ಹಾಡಿಕೊಂಡು ಹೋದಳು, ತನ್ನದೇ ಶ್ರುತಿಯಲ್ಲಿ.

ಈಗ ನಿಮ್ಮ ವಿಷಯಕ್ಕೆ ಬರೋಣ. ಆ ಶ್ರೀಮಂತ ಕೆಟ್ಟವನು ಎಂದು ತಲೆಯಾಡಿಸುತ್ತಿದ್ದೀರಿ. ಅವನನ್ನು ಬಿಡಿ, ಅವನು ಫ್ರಾನ್ಸಿನಲ್ಲಿದ್ದಾನೆ. ನಾನು ಕೇಳುವುದು ವಾದಕನನ್ನು, ಅಂದರೆ ನಿಮ್ಮನ್ನು. "ನಮ್ಮನೇಲಿ ಜಗಳಾನೇ ಇಲ್ಲ ಬುದ್ಧೀ, ನಾನು ಹೇಳಿದ್ದಕ್ಕೆ ಯಾರೂ ಎರಡು ಮಾತಾಡಲ್ಲ" ಎಂದು ಎಷ್ಟು ಜನ ಬಂದು ಹೆಮ್ಮೆಯಿಂದ ಹೇಳುತ್ತೀರಿ. ಒಳ್ಳೆಯದು. ಅದು ಹೊಂದಾಣಿಕೆಯೋ, ಅಥವಾ ಯಾರೋ ಒಬ್ಬರು ಬೇಸತ್ತು ನಿಮ್ಮ ಜೊತೆ ತಪ್ಪು ಹಾಡಲು ಶುರುಮಾಡಿದ್ದಾರೋ? ಮೊದಲು "ಹಾಗಲ್ಲ ರೀ" ಎನ್ನುತ್ತಿದ್ದ ಹೆಂಡತಿ ಈಗ "ನೀವು ಹೇಳಿದ ಹಾಗೇ ಆಗಲಿ" ಎನ್ನುತ್ತಾಳಲ್ಲ, ಅದು ಯಾವತ್ತಿನಿಂದ? ಎದುರು ಮಾತಾಡುತ್ತಿದ್ದ ಮಗ ಈಗ ಬರೀ "ಹೂಂ" ಎನ್ನುತ್ತಾನಲ್ಲ, ಅವನಿಗೆ ಬುದ್ಧಿ ಬಂತು ಎಂದುಕೊಂಡಿರಾ?

ದೊಡ್ಡ ವ್ರತವೇನೂ ಬೇಡ. ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ, ಹಾಗೆ ಸುಮ್ಮನಾದವರೊಬ್ಬರನ್ನು ಕೇಳಿ: "ನಾನೆಲ್ಲಿ ತಪ್ತಾ ಇದೀನಿ, ಹೇಳು." ಮೊದಲು ಅವರು ಏನೂ ಇಲ್ಲ ಎನ್ನುತ್ತಾರೆ. ನಂಬಬೇಡಿ, ಮತ್ತೆ ಕೇಳಿ. ಅವರು ಹೇಳಲು ಶುರುಮಾಡಿದರೆ ನಡುವೆ ಬಾಯಿ ಹಾಕಬೇಡಿ. ಸಾರು ಆರಿದರೆ ಆರಲಿ.